ಜಾಲಿಮುಳ್ಳು, ಕಾಲುವೆ ದಂಡಿ, 32ರ ಟೈರು: ಏಳು ತಿಂಗಳು ಓಡ್ಸಿದ ಮ್ಯಾಲ ಬರೆದದ್ದು

ಒಂಬತ್ತು ಪಂಕ್ಚರ್ ಆದ ಮ್ಯಾಲ ಟೈರ್ ಬದ್ಲಿ ಮಾಡಿದೆ. ಎರಡು ತಿಂಗಳಾಗ ಒಂಬತ್ತು ರೀ, ಅದೂ ವಾರಕ್ಕ ಮೂರು ದಿನ ನಸಿಕಿನ್ಯಾಗ ಅಷ್ಟ ಸೈಕಲ್ ಹೊಡಿಯೋನಿಗೆ. ಹೊಸಾ ರೋಡ್ ಬೈಕು, ಡಿಸ್ಕ್ ಬ್ರೇಕು, ಬರುವಾಗ 700×25 (ಅಂದ್ರ 25 ಮಿ.ಮೀ. ಅಗಲದ) ಟೈರ್ ಹಾಕ್ಕೊಂಡು ಬಂದಿತ್ತು, ಡಾಂಬರ್ ಮ್ಯಾಲ ಭಾಳ ಹಗುರ ಓಡ್ತಿತ್ತು, ಆದ್ರ ನಾನು ಹೊಡಿಯೋದು ಗಂಗಾವತಿ ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವೆ ಗುಂಟ, ಮತ್ತ ಆ ದಂಡಿ ತುಂಬ ಬಳ್ಳಾರಿ ಜಾಲಿ. ಹೆಸರಿನ್ಯಾಗ ಬಳ್ಳಾರಿ ಇದ್ರೂ ಅದು ಅಮೆರಿಕ ಖಂಡದ ಕಡಿಂದ ಬಂದ ಗಿಡ, ಈಗ ಕೊಪ್ಪಳ, ರಾಯಚೂರು, ಬಳ್ಳಾರಿ ಯಾವ ಕಡಿ ಹೋದ್ರೂ ಬದುವಿನ ಮ್ಯಾಲ ಅದ ಐತಿ. ಒಲಿಗೆ ಅಂತ ಕಡಿದು ಒಯ್ಯುವಾಗ ಟ್ರ್ಯಾಕ್ಟರ್‌ನಿಂದ ಒಂದು ಟೊಂಗಿ ಉದುರಿದ್ರ ಸಾಕು, ಒಣಗಿದ ಮುಳ್ಳು ಮೊಳಿ ಇದ್ದಂಗ, 25ರ ಟೈರಿಗೆ ನೆಟ್ಟಗ ಒಳಗ ಹೋಗ್ತೈತಿ.

ಈಗ ಹಾಕಿರೋದು 700×32, ಒಳಗ ಮುಳ್ಳು ತಡಿಯೋ ದಪ್ಪ ರಬ್ಬರ್ ಪದರು ಇರೋದು. ಕಂಪನಿ ಹೆಸರು ಬರೆಯಂಗಿಲ್ಲ, ಇಂಥಾ ಟೈರ್ ನಾಕೈದು ಕಂಪನಿ ಮಾಡ್ತಾವು, ತಗೊಳ್ಳುವಾಗ ನೋಡಬೇಕಾದ್ದು ಆ ಪದರು ಐತೋ ಇಲ್ಲೋ, ಇದ್ರ ಎಷ್ಟು ದಪ್ಪ ಐತಿ ಅನ್ನೋದು. ಎರಡಕ್ಕ ಕೂಡಿ ನನಗ ನಾಕೂವರೆ ಸಾವಿರ ಬಿತ್ತು, ತುಟ್ಟಿನ. ಆದ್ರ ಏಳು ತಿಂಗಳಾಗ ಎರಡ ಪಂಕ್ಚರ್. ಒಂದು ಕಬ್ಬಿಣದ ತಂತಿ, ಇನ್ನೊಂದು ಜಾಲಿನ, ಅದು ಟೈರಿನ ನಡುವ ಹೊಕ್ಕಿದ್ದಲ್ಲ, ಬಾಜೂ ಗೋಡಿಯಿಂದ ಹೊಕ್ಕಿತ್ತು, ಆ ಗೋಡಿಗೆ ಪದರು ಇರಂಗಿಲ್ಲ. ನಡುವ ಚುಚ್ಚಿದ ಮುಳ್ಳು ಬಹುತೇಕ ಪದರಿನ್ಯಾಗ ಮುರಕೊಂಡು ನಿಂತಾವು, ಪ್ರತಿ ಐತಾರ ಕುಂತು ಚಿಮಟಿಗಿಲೆ ಕೀಳ್ತೀನಿ, ಒಂದೊಂದ್ ಸಲ ಹತ್ತು ಹನ್ನೆರಡು ಸಿಗ್ತಾವು.

ತಗೊಳ್ಳೋ ಮುಂದ ಒಂದು ಎಚ್ಚರ. ನಮ್ಮ ಕಡಿ ಅಂಗಡಿಗೆ ಹೋಗಿ ದೊಡ್ಡ ಗಾಲಿ ಟೈರ್ ಕೊಡ್ರಿ ಅಂದ್ರ 28 ಇಂಚಿಂದು ಕೊಡ್ತಾರ, ಅದು ಹಳೀ ಕರೀ ಸೈಕಲ್‌ಗೆ ಬರೋದು, ಅದರ ರಿಮ್ ಅಳತಿ 635 ಮಿ.ಮೀ., ರೋಡ್ ಬೈಕಿಂದು 622. ಹದಿಮೂರು ಮಿ.ಮೀ. ಫರಕು, ಕೂಡಂಗ ಇಲ್ಲ. ನಾನು ಒಂದ್ಸಲ ಹಂಗ ತಂದು ಮನಿಯಾಗ ಅರ್ಧ ತಾಸು ಗುದ್ದಾಡಿ ವಾಪಸ್ ಕೊಟ್ಟು ಬಂದೀನಿ. ಟೈರಿನ ಬಾಜೂಕ 32-622 ಅಂತ ಬರೆದಿರ್ತೈತಿ, ಅದನ್ನ ಓದಿ ತಗೊಳ್ರಿ. ಇನ್ನೊಂದು, ರಿಮ್ ಬ್ರೇಕ್ ಇದ್ದೋರು ಮೊದ್ಲ ಬ್ರೇಕಿನ ಸಂದು ಅಳೀರಿ, ಭಾಳ ರೋಡ್ ಬೈಕಿನ್ಯಾಗ 28 ಮಿ.ಮೀ.ಗಿಂತ ದಪ್ಪಂದು ಕೂಡಂಗಿಲ್ಲ. ನನ್ನ ತೂಕ 74 ಕೆ.ಜಿ., ಗಾಳಿ ಹಿಂದಿನ ಗಾಲಿಗೆ 60 ಪಿಎಸ್ಐ, ಮುಂದಿಂದಕ್ಕ 55 ಇಡ್ತೀನಿ, ಮೊದ್ಲ 95 ಹಾಕಿ ಓಡ್ಸಿದಾಗ ಕೈ ಜುಮ್ ಅಂತಿದ್ವು, ಈಗ ಗರಸಿನ ಮ್ಯಾಲೂ ಹಿಡಿ ನಡುಗಂಗಿಲ್ಲ.

ಕಾಲುವೆ ಗುಂಟ ಯಾಕ ಹೊಡಿಬೇಕು ಅಂತ ಕೇಳೋರಿಗೆ ಹೇಳ್ತೀನಿ. ಡ್ಯಾಮ್ ಹತ್ರದ ಮುನಿರಾಬಾದ್‌ನಿಂದ ಹೊಂಟ ಎಡದಂಡೆ ಕಾಲುವೆ 227 ಕಿ.ಮೀ. ಐತಿ, ಪಂಪ್ ಇಲ್ದ ತಾನ ಹರಕೊಂತ ರಾಯಚೂರು ಜಿಲ್ಲಾ ತನ ಹೋಗ್ತೈತಿ. ಇಳಿಜಾರು ಜಾಸ್ತಿ ಕೊಟ್ರ ನೀರು ಬಿರುಸಾಗಿ ದಂಡಿ ಕೊರಿತೈತಿ, ಕಮ್ಮಿ ಕೊಟ್ರ ಹೂಳು ನಿಂದರ್ತೈತಿ, ಹಂಗಾಗಿ ಕಟ್ಟಿದೋರು ಗುಡ್ಡದ ಕಾಲು ಹಿಡಕೊಂಡು, ನೆಲದ ಮಟ್ಟ ನೋಡಿಕೊಂತ, ಸುತ್ತಿ ಬಳಸಿ ಒಯ್ದಾರ. ಸೈಕಲ್ ಹೊಡಿಯೋನಿಗೆ ಇದಕ್ಕಿಂತ ಚೊಲೊ ಏನು ಬೇಕು? ತಿರುವು ಭಾಳ, ಏರು ಇಲ್ಲವೇ ಇಲ್ಲ ಅನ್ನಬಹುದು. ನೀರಿನ ಜೋಡಿ ಹೊಂಟ್ರ ಬಲಕ್ಕ ನದಿ ತನಕ ನೆಲ್ಲು, ಹಸರಂದ್ರ ಹಸರು, ಎಡಕ್ಕ ನೋಡಿದ್ರ ಬಂಡಿಗಲ್ಲು, ಕುರುಚಲು, ಕೆಂಪು ಒಣಭೂಮಿ. ಹತ್ತು ಮಾರು ಅಗಲದ ದಂಡಿ ಮ್ಯಾಲ ನಿಂತು ಎರಡು ಬ್ಯಾರೆ ಸೀಮಿ ನೋಡಿದಂಗ. ನೀರು ಏರೋ ಮಟ್ಟ ಎಲ್ಲಿ ಮುಗೀತೋ ಅಲ್ಲಿಗೆ ಹಸರೂ ಮುಗೀತು, ಈ ಗೆರಿ ಕಾರಿನ್ಯಾಗ ಕುಂತು ಹೋಗೋರಿಗೆ ಕಾಣಂಗ ಇಲ್ಲ.

ನನಗ ಇಷ್ಟದ ರೂಟು ಗಂಗಾವತಿಯಿಂದ ಆನೆಗೊಂದಿ, ಅಂಜನಾದ್ರಿ ಬುಡ, ಪಂಪಾ ಸರೋವರ ದಾಟಿ ಸಾಣಾಪುರ, ಅಲ್ಲಿಂದ ಮುನಿರಾಬಾದ್ ಕಡಿ. ಬೆಳಿಗ್ಗೆ ಐದೂವರೆಗೆ ಹೊಂಟ್ರ ಸಾಣಾಪುರ ಕೆರಿ ಹತ್ರ ಬಿಸಿಲು ಬಂಡಿಗಳ ಮ್ಯಾಲ ಬೀಳೋ ಹೊತ್ತಿಗೆ ಇರ್ತೀರಿ. ಆಷಾಢ ಶ್ರಾವಣದಾಗ ಗಾಳಿ ಪಡುವಣ ಕಡಿಂದ ಬೀಸ್ತೈತಿ, ಹೋಗುವಾಗ ಎದುರು, ಬರುವಾಗ ಬೆನ್ನಿಗೆ, ಹಂಗಾಗಿ ಮೊದ್ಲ ಮುನಿರಾಬಾದ್ ದಿಕ್ಕಿಗೆ ಹೋಗ್ರಿ, ಕಾರಟಗಿ ಕಡಿ ಹೋದ್ರ ಹೋಗುವಾಗ ಸುಖ ಬರುವಾಗ ಸಾಕಪ್ಪ ಅನಿಸ್ತೈತಿ. ವಾಪಸ್ ಬಂದು ಒಗ್ಗರಣಿ ಮಿರ್ಚಿ ತಿಂದ್ರ ಆತು.

ದಂಡಿ ಮ್ಯಾಲಿನ ದಾರಿ ಎಲ್ಲಾ ಕಡಿ ಒಂದ ಥರ ಇಲ್ಲ, ಕೆಲವು ಕಡಿ ಡಾಂಬರು, ಕೆಲವು ಕಡಿ ಬರೇ ಗರಸು, ಕೆಲವು ಕಡಿ ಜಾಲಿ ಎರಡೂ ಬಾಜೂ ಒತ್ತರಿಸಿ ದಾರಿನ ಮುಚ್ಚೈತಿ, ಅಲ್ಲಿ ಇಳಿದು ಊರ ರಸ್ತಾ ಹಿಡೀಬೇಕು. ಒಂದು ಮಾತು ಮನಸಿನಿಂದ ಹೇಳ್ತೀನಿ, ಕಾಲುವೆ ಕಡಿ ಅಂಚಿಗೆ ಸೈಕಲ್ ಹೊಡಿಬ್ಯಾಡ್ರಿ. ಕಂಪೌಂಡಿಲ್ಲ, ಕಂಬಿ ಇಲ್ಲ, ಒಳಗಿನ ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರ್ತೈತಿ, ನೀರು ತುಂಬಿ ಹರಿಯುವಾಗ ಬಿದ್ರ ಈಜು ಬರೋರಿಗೂ ಹಿಡಿಯಾಕ ಏನೂ ಸಿಗಂಗಿಲ್ಲ. ಫೋಟೋಕ್ಕಂತ ಅಂಚಿಗೆ ಸೈಕಲ್ ನಿಲ್ಲಿಸೋ ಹುಡುಗರನ್ನ ನೋಡಿದ್ರ ನನಗ ಎದಿ ಝಲ್ ಅಂತೈತಿ. ಕತ್ತಲಾಗ ದಂಡಿ ಮ್ಯಾಲ ಹೋಗೋದ ಬ್ಯಾಡ.

ಈ ಟೈರು ಎಲ್ಲಿ ಸೋಲ್ತೈತಿ ಅದನ್ನೂ ಹೇಳ್ಬೇಕು. ಒಂದು, ತೂಕ. ಕಾಲುವೆ ಮ್ಯಾಲ ಗೊತ್ತಾಗಂಗಿಲ್ಲ, ಕನಕಗಿರಿ ಕಡಿ ಹೊಳ್ಳಿದ್ರ ಗೊತ್ತಾಗ್ತೈತಿ. ಆ ದಾರಿ ಏರು, ಇಳುವು, ಮತ್ತ ಏರು, ಒಂದು ದಿಬ್ಬ ಹತ್ತಿದ್ರ ಮುಂದಿನ ದಿಬ್ಬ ಕಾಣ್ತೈತಿ, ಪ್ರತಿ ಏರಿಗೂ ಗಾಲಿ ಹಿಂದಕ್ಕ ಜಗ್ಗಿದಂಗ ಆಗ್ತೈತಿ. 25ರ ಟೈರಿನ್ಯಾಗ ಇದ್ದ ಚುರುಕು ಇದರಾಗ ಇಲ್ಲ. ಕಣ್ಣಿದ್ದೋರು ಕನಕಗಿರಿ ನೋಡಬೇಕು, ಕಾಲಿದ್ದೋರು ಹಂಪಿ ನೋಡಬೇಕು ಅಂತಾರಲ್ಲ, ಈ ಟೈರ್ ಹಾಕ್ಕೊಂಡು ಹೋದ್ರ ಕನಕಗಿರಿಗೂ ಕಾಲ ಬೇಕು. ಆದ್ರೂ ಹೋಗ್ರಿ, ಆ ಕೆಂಪು ದಿಬ್ಬದ ಮ್ಯಾಲಿನ ಬಯಲು ಗಾಳಿ ಕಾಲುವೆ ಕಡಿ ಸಿಗಂಗಿಲ್ಲ, ಕನಕಾಚಲಪತಿ ಗುಡಿ ಕಂಬದ ನೆಳ್ಳಾಗ ಕುಂತು ನೀರು ಕುಡಿಯೋ ಸುಖಾನೂ ಸಿಗಂಗಿಲ್ಲ.

ಎರಡು, ಎರಿ ಮಣ್ಣು. ಕಾರಟಗಿ, ಸಿಂಧನೂರು ಕಡಿ ಮಳಿ ಆದ ಮರುದಿನ ಡಾಂಬರ್ ಬಿಟ್ಟು ಕೆಳಗ ಇಳಿದ್ರೋ, ನೂರು ಹೆಜ್ಜಿಗೆ ಗಾಲಿ ನಿಂತ್ವು ಅಂತ ತಿಳೀರಿ. ಟೈರ್ ದಪ್ಪ ಆದಷ್ಟು ಫ್ರೇಮಿನ ಸಂದು ಕಮ್ಮಿ, ಮಣ್ಣು ಅಲ್ಲೇ ಮೆತ್ಕೊಂಡು ಗಟ್ಟಿ ಆಗ್ತೈತಿ, ಕಡ್ಡೀಲೆ ಕೆದರಿ ಕೆದರಿ ಸಾಕಾಗ್ತೈತಿ. ಇದು ಟೈರಿನ ತಪ್ಪಲ್ಲ, ಎರಡು ದಿನ ಬಿಟ್ಟು ಹೋಗ್ರಿ ಅಷ್ಟ. ನಾಟಿ ಹೊತ್ತಿನ್ಯಾಗ ಟ್ರ್ಯಾಕ್ಟರಿನ ಕೇಜ್ ವೀಲ್ (ಕೆಸರಗದ್ದಿಗೆ ಹಾಕೋ ಕಬ್ಬಿಣದ ಗಾಲಿ) ಓಡಾಡಿ ಕ್ಯಾಂಪ್ (ವಲಸಿ ಬಂದ ರೈತರ ಊರು) ರಸ್ತಾ ಎಲ್ಲಾ ಕೆತ್ತಿದಂಗ ಆಗಿರ್ತಾವು, ಕೊಯ್ಲಿನ ಹೊತ್ತಿನ್ಯಾಗ ಅದ ರಸ್ತಾದಾಗ ನೆಲ್ಲು ಒಣಹಾಕಿರ್ತಾರ. ನೆಲ್ಲಿನ ಮ್ಯಾಲ ಗಾಲಿ ಹಾಯಿಸಬ್ಯಾಡ್ರಿ, ಜಾರೋದು ಒಂದು ಕಡಿ, ಅದು ಒಬ್ಬರ ಮನಿ ವರ್ಷದ ಅನ್ನ. ಇಳಿದು ನೂಕ್ಕೊಂತ ಹೋದ್ರ ಅವ್ರ ಕರೆದು ಚಾ ಕೊಡ್ತಾರ.

ಆ ತಂತಿ ಪಂಕ್ಚರ್ ಆಗಿದ್ದು ಕಾರಟಗಿ ದಾರಿಯಾಗ. ಬದಲಿ ಟ್ಯೂಬ್ ಇರಲಿಲ್ಲ, ರಸ್ತಾ ಬದಿ ಪಂಕ್ಚರ್ ಅಂಗಡಿಗೆ ನೂಕ್ಕೊಂಡು ಹೋದೆ. ಅಂಗಡಿ ಅಜ್ಜಾರು ನನ್ನ ಟ್ಯೂಬಿನ ಪ್ರೆಸ್ಟಾ ವಾಲ್ವ್ (ರೋಡ್ ಬೈಕಿನ ಸಣ್ಣ ಗಾಳಿ ಬಾಯಿ) ನೋಡಿ, "ತಮ್ಮಾ, ಇದಕ್ಕ ನನ್ನ ಪಂಪ್ ಬಾಯಿ ಕೂಡಂಗಿಲ್ಲಲ್ಲೋ" ಅಂದ್ರು. ಅಡಾಪ್ಟರ್ ಒಂದು ಸದಾ ನನ್ನ ಕಿಸೆದಾಗ ಇರ್ತೈತಿ, ಬಟನ್ನಿನಷ್ಟು ಸಣ್ಣದು, ಅದನ್ನ ಹಾಕಿ ಕೊಟ್ಟೆ. ಅವ್ರು ಪ್ಯಾಚ್ ಹಾಕೋಕಿಂತ ಮೊದ್ಲ ಹತ್ತಿಬಟ್ಟಿ ತಗೊಂಡು ಟೈರಿನ ಒಳಗ ಪೂರಾ ಒಂದು ಸುತ್ತು ಸವರಿದ್ರು, ಎರಡು ಕಡಿ ಬಟ್ಟಿ ಸಿಕ್ಕೊಂತು, ಅಲ್ಲಿ ಮುಳ್ಳಿನ ತುದಿ ಕಣ್ಣಿಗೆ ಕಾಣದಷ್ಟು ಹೊರಗ ಬಂದಿತ್ತು. "ಬೆರಳಾಡಿಸಿದ್ರ ಬೆರಳು ಹೋಗ್ತೈತಿ, ಬಟ್ಟಿ ಆಡಿಸ್ಬೇಕು" ಅಂದ್ರು. ಮೊದ್ಲ 25ರ ಟೈರ್ ಇದ್ದಾಗ ಒಂದ ಟ್ಯೂಬು ಎರಡೆರಡು ಸಲ ಯಾಕ ಪಂಕ್ಚರ್ ಆಗ್ತಿತ್ತು ಅನ್ನೋದು ಅವತ್ತು ತಿಳೀತು. ಇಪ್ಪತ್ತು ರೂಪಾಯಿ ತಗೊಂಡ್ರು.

ಅಲ್ಲಿ ಕುಂತಿದ್ದ ಒಬ್ಬ ರೈತರು ಕೇಳಿದ ಮೊದಲ ಪ್ರಶ್ನೆ ಸೈಕಲ್ ರೇಟ್ ಎಷ್ಟು ಅಂತಲ್ಲ, "ಮ್ಯಾಲಿಂದ ಬಂದ್ಯಲ್ಲ, ನೀರು ಎಷ್ಟೈತಿ?" ಅಂತ. ನಾನು ನೋಡಿರಲಿಲ್ಲ. ಈ ಕಾಲುವೆ ಲೆಕ್ಕ ಇವತ್ತಿಗೂ ಮೈಲಿನ್ಯಾಗ, 47ನೇ ಮೈಲ್, 69ನೇ ಮೈಲ್ ಅಂತ ಹೇಳ್ತಾರ, ಅಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟು ನಿಂತೈತಿ ಅನ್ನೋದರ ಮ್ಯಾಲ ಕೆಳಗಿನೋರ ಬೆಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಕೊಂಡು ಹೋದಾಗ ಈ ದಂಡಿ ಗುಂಟ ಇರೋ ಊರೊಳಗ ಯಾರೂ ನಿದ್ದಿ ಮಾಡಿಲ್ಲ, ವಾರದೊಳಗ ನೀರಿನ್ಯಾಗ ಸ್ಟಾಪ್ ಲಾಗ್ (ಗೇಟಿನ ಬದ್ಲಿ ನೀರು ತಡಿಯೋ ಉಕ್ಕಿನ ಹಲಗಿ) ಇಳಿಸಿದ ಸುದ್ದಿ ಬಂದ ಮ್ಯಾಲನ ಉಸಿರು ಬಿಟ್ಟಿದ್ದು.

ಅವತ್ತಿಂದ ಗೇಜ್ ಕಂಬ ಕಂಡಲ್ಲೆಲ್ಲ ಸೈಕಲ್ ನಿಲ್ಲಿಸಿ ನೋಡ್ಕೊಂಡ ಹೋಗ್ತೀನಿ, ಕೆಳಗ ಯಾರರ ಕೇಳ್ತಾರ.