ಹ್ಯಾಮ್‌ಕ್ರೆಸ್ಟ್ ಜೊತೆ ಹತ್ತು ವರ್ಷ: ಟೆಸ್ಟ್ ಕೆಂಪಾದಾಗ ಬೆಲೆ ಗೊತ್ತಾಗುವ ಲೈಬ್ರರಿ

ಕೋಡ್ ಕೊಟ್ಟ ಉತ್ತರ ಬೇಕಾದಂತೆ ಇದೆಯೇ ಎಂದು ಟೆಸ್ಟುಗಳಲ್ಲಿ ನೋಡಲು ಇರುವ ಜಾವಾ ಲೈಬ್ರರಿ ಹ್ಯಾಮ್‌ಕ್ರೆಸ್ಟ್. ನಾನು ಬಳಸುತ್ತಿರುವುದು 2014ರಿಂದ. ಕೆಲಸ ಬಿಲ್ಲಿಂಗ್ ಸಾಫ್ಟ್‌ವೇರ್, ಭಾಷೆ ಜಾವಾ, ಊರು ಬೆಂಗಳೂರು. ನನ್ನ ರೇಟಿಂಗ್ 5ಕ್ಕೆ ಮೂರೂವರೆ. ಆ ಒಂದೂವರೆ ಎಲ್ಲಿ ಕಳೆಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಆಯ್ಕೆ ನನ್ನದಾಗಿರಲಿಲ್ಲ. ಆಗ ಪ್ರಾಜೆಕ್ಟಿಗೆ ಟೆಸ್ಟ್ ಓಡಿಸುವ ಜೆಯೂನಿಟ್ 4 ಸೇರಿಸಿದರೆ ಹ್ಯಾಮ್‌ಕ್ರೆಸ್ಟ್ ಅದರ ಬೆನ್ನಿಗೇ ಬರುತ್ತಿತ್ತು. 2007ರ ಜೆಯೂನಿಟ್ 4.4ರಲ್ಲಿ 'ಅಸರ್ಟ್‌ದಟ್' ಬಂದಾಗಿನಿಂದ ಇಬ್ಬರದೂ ಒಂದೇ ಮನೆ. ಹ್ಯಾಮ್‌ಕ್ರೆಸ್ಟ್ ಹುಟ್ಟಿದ್ದು ಮಾತ್ರ ಜೆಮಾಕ್ ಎಂಬ ಮಾಕಿಂಗ್ (ಟೆಸ್ಟಿಗಾಗಿ ನಕಲಿ ಆಬ್ಜೆಕ್ಟ್ ಕಟ್ಟುವ) ಲೈಬ್ರರಿಯ ಹೊಟ್ಟೆಯಲ್ಲಿ. ಹೆಸರಿಗೆ ಬೇರೆ ಅರ್ಥವೇನೂ ಇಲ್ಲ, 'ಮ್ಯಾಚರ್ಸ್' (ಉತ್ತರ ಹೇಗಿರಬೇಕು ಎಂದು ಹೇಳುವ ಷರತ್ತುಗಳು) ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಮತ್ತೆ ಜೋಡಿಸಿದ್ದು. ನನಗೆ ಇದು ಗೊತ್ತಾಗಿದ್ದು ಮೂರು ವರ್ಷ ಬಳಸಿದ ಮೇಲೆ.

ಮೊದಲ ವಾರ ನಾನು ಬರೆದ ಟೆಸ್ಟಿನಲ್ಲಿ 'ಅಸರ್ಟ್‌ಟ್ರೂ' ಒಳಗೆ 'ಲಿಸ್ಟ್.ಕಂಟೇನ್ಸ್' ಇತ್ತು, ಅಂದರೆ ಪಟ್ಟಿಯಲ್ಲಿ ಆ ಬಿಲ್ ಇದೆಯೇ ಇಲ್ಲವೇ ಎಂಬ ಪ್ರಶ್ನೆ. ಮರುದಿನ ಬಿಲ್ಡ್ ಮುರಿಯಿತು. ಲಾಗ್‌ನಲ್ಲಿ ಇದ್ದದ್ದು 'ಅಸರ್ಷನ್‌ಎರರ್' ಅನ್ನುವ ಒಂದು ಪದ, ಕೆಳಗೆ ಸಾಲಿನ ನಂಬರ್. ತಂಡದ ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ಬಂದು ಕೂತು, "ರೀ, ಬಿಲ್ ಇಲ್ಲ ಅಂತ ಹೇಳ್ತಿದೆ, ಸರಿ. ಹಾಗಾದ್ರೆ ಲಿಸ್ಟಲ್ಲಿ ಏನಿತ್ತು? ಅದನ್ನ ಯಾರು ಹೇಳ್ಬೇಕು?" ಅಂದರು. ಆ ಸಾಲನ್ನು ಅಳಿಸಿ 'ಅಸರ್ಟ್‌ದಟ್(ಬಿಲ್‌ಗಳು, ಹ್ಯಾಸ್‌ಐಟಮ್("ಎ-17"))' ಎಂದು ಬರೆದು ಮತ್ತೆ ಓಡಿಸಿದರು. ಈ ಸಲ ಮೆಸೇಜು ಬಾಯಿ ಬಿಟ್ಟಿತು: 'ಎ-17' ಇರುವ ಪಟ್ಟಿ ಬೇಕಿತ್ತು, ಸಿಕ್ಕಿದ್ದು 'ಎ-15', 'ಎ-16', 'ಎ-17 '. ಕೊನೆಯದರ ಹಿಂದೆ ಒಂದು ಸ್ಪೇಸ್. ಉದ್ಧರಣ ಚಿಹ್ನೆ ಹಾಕಿ ತೋರಿಸಿದ್ದರಿಂದ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಅರ್ಧ ದಿನ ಡೀಬಗರ್ ಹಿಡಿದು ಕೂರುತ್ತಿದ್ದೆ.

ಈ ಲೈಬ್ರರಿಯನ್ನು ಹೊಗಳುವವರೆಲ್ಲ ಕೋಡ್ ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳುತ್ತದೆ ಅನ್ನುತ್ತಾರೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ ಓದಿದ ನನಗೆ ಅದೇನೂ ದೊಡ್ಡ ಆಕರ್ಷಣೆಯಲ್ಲ. ನನಗೆ ಒಗ್ಗಿದ್ದು ಪದಗಳ ಸರದಿ. ಹಳೆಯ 'ಅಸರ್ಟ್‌ಈಕ್ವಲ್ಸ್'ನಲ್ಲಿ ಬೇಕಾದ ಬೆಲೆ (ವ್ಯಾಲ್ಯೂ) ಮೊದಲು, ಬಂದ ಬೆಲೆ ಆಮೇಲೆ: "1180 ಇರಬೇಕು, ಮೊತ್ತ" ಅಂದ ಹಾಗೆ. ಅದೂ ಟೆಸ್ಟ್‌ಎನ್‌ಜಿ ಎಂಬ ಇನ್ನೊಂದು ಟೆಸ್ಟ್ ಲೈಬ್ರರಿಗೆ ಹೋದರೆ ಉಲ್ಟಾ. ಮ್ಯಾಚರ್‌ನಲ್ಲಿ ಮಾತ್ರ "ಮೊತ್ತ 1180 ಇರಬೇಕು" ಅನ್ನುವ ನಮ್ಮ ಮನೆಮಾತಿನ ಕ್ರಮ. ಹತ್ತು ವರ್ಷದಲ್ಲಿ ಒಮ್ಮೆಯೂ ಇವೆರಡನ್ನು ಅದಲುಬದಲು ಮಾಡಿಲ್ಲ. 'ಅಸರ್ಟ್‌ಈಕ್ವಲ್ಸ್'ನಲ್ಲಿ ಮಾಡಿದ್ದಕ್ಕೆ ಲೆಕ್ಕ ಇಟ್ಟಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 2017ರ ಜುಲೈನಲ್ಲಿ, ಜಿಎಸ್‌ಟಿ ಜೊತೆ. ತೆರಿಗೆ ಲೆಕ್ಕ ಹಾಕುವ ಕೋಡ್ ಪೂರ್ತಿ ಬದಲಾಯಿತು. ಸಾವಿರ ರೂಪಾಯಿಗೆ ಶೇ. 18 ಸೇರಿಸಿದರೆ 1180. ದಶಾಂಶ ಲೆಕ್ಕಕ್ಕೆ ಜಾವಾ ಕೊಡುವ ಬಿಗ್‌ಡೆಸಿಮಲ್‌ನಲ್ಲಿ 1000 ಅನ್ನು 1.18ರಿಂದ ಗುಣಿಸಿದರೆ ಬರುವುದು 1180.00. ನಾನು ಟೆಸ್ಟಿನಲ್ಲಿ 'ಈಸ್' (ಇದಕ್ಕೆ ಸಮ) ಎಂಬ ಮ್ಯಾಚರ್ ಒಳಗೆ ಬರೆದಿದ್ದು 1180. ಫೇಲ್! ಬಿಗ್‌ಡೆಸಿಮಲ್‌ನ 'ಈಕ್ವಲ್ಸ್'ಗೆ ದಶಾಂಶದ ನಂತರ ಎಷ್ಟು ಅಂಕಿ ಅನ್ನುವುದೂ ಮುಖ್ಯ. ಹ್ಯಾಮ್‌ಕ್ರೆಸ್ಟ್ ಎರಡನ್ನೂ ಒಂದರ ಕೆಳಗೊಂದು ಬರೆದು ತೋರಿಸಿತು, ಮದ್ದೂ ಅದರಲ್ಲೇ ಇತ್ತು: 'ಕಂಪೇರ್ಸ್‌ಈಕ್ವಲ್‌ಟು'. ಬೆಲೆ ಸಮ ಇದ್ದರೆ ಸಾಕು, ಬಾಲದ ಸೊನ್ನೆಗಳ ಗೊಡವೆ ಇಲ್ಲ. ಹಣ ಮುಟ್ಟುವ ಟೆಸ್ಟುಗಳಲ್ಲಿ ಅಂದಿನಿಂದ ಇಂದಿನವರೆಗೆ ಇದನ್ನೇ ಬಳಸುತ್ತಿದ್ದೇನೆ.

ಆದರೆ ಆ ತಿಂಗಳು ನಮ್ಮನ್ನು ಕಾಪಾಡಿದ್ದು ನಾವೇ ಬರೆದುಕೊಂಡ ಮ್ಯಾಚರ್. ಮಾರುವವರೂ ಕೊಳ್ಳುವವರೂ ಕರ್ನಾಟಕದೊಳಗೇ ಇದ್ದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ. 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ. 9. ಸರಕು ಹೊಸೂರಿಗೆ ಹೋದರೆ, ಆನೇಕಲ್‌ನಿಂದ ಕೂಗಳತೆ ದೂರವಾದರೂ, ಅದು ತಮಿಳುನಾಡು. ಹಾಗಾಗಿ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ) ಶೇ. 18. ಒಂದು ಬಿಲ್ ಸರಿಯಿದೆ ಎನ್ನಲು ಮೂರು ನಾಲ್ಕು ಸಾಲು ಅಸರ್ಷನ್ ಬೇಕಾಗುತ್ತಿತ್ತು, ನೂರಾರು ಟೆಸ್ಟುಗಳಲ್ಲಿ ಅವೇ ಸಾಲುಗಳು. ಹ್ಯಾಮ್‌ಕ್ರೆಸ್ಟಿನ 'ಟೈಪ್‌ಸೇಫ್‌ಮ್ಯಾಚರ್' ಎಂಬ ಕ್ಲಾಸನ್ನು ವಿಸ್ತರಿಸಿ 'ರಾಜ್ಯದೊಳಗಿನ ಬಿಲ್', 'ಅಂತರರಾಜ್ಯ ಬಿಲ್' ಎಂಬ ಎರಡು ಮ್ಯಾಚರ್ ಬರೆದೆವು. ಅದರೊಳಗಿನ ಮೆಥಡ್‌ಗಳಲ್ಲಿ 'ಮ್ಯಾಚಸ್‌ಸೇಫ್ಲಿ' ಹೌದು ಅಥವಾ ಅಲ್ಲ ಅನ್ನುತ್ತದೆ, 'ಡಿಸ್ಕ್ರೈಬ್‌ಟು' ಏನು ಬೇಕಿತ್ತು ಅನ್ನುತ್ತದೆ. ಮೂರನೆಯದು 'ಡಿಸ್ಕ್ರೈಬ್‌ಮಿಸ್‌ಮ್ಯಾಚ್‌ಸೇಫ್ಲಿ', ಬಂದದ್ದರಲ್ಲಿ ಏನು ತಪ್ಪು ಅನ್ನುವುದು. ಬರೆಯದಿದ್ದರೂ ನಡೆಯುತ್ತದೆ, ಅದಕ್ಕೇ ಎಲ್ಲರೂ ಬಿಡುತ್ತಾರೆ. ನಾವು ಬರೆದೆವು. ಹಾಗಾಗಿ ಟೆಸ್ಟ್ ಬಿದ್ದಾಗ ಹತ್ತು ಸಾಲಿನ ಆಬ್ಜೆಕ್ಟ್ ಕಕ್ಕುವ ಬದಲು, "ಸಿಜಿಎಸ್‌ಟಿ 90, ಎಸ್‌ಜಿಎಸ್‌ಟಿ 90, ಮೇಲೆ ಐಜಿಎಸ್‌ಟಿ 180 ಕೂಡ ಹಾಕಿದೆ" ಎಂದು ಹೇಳುತ್ತಿತ್ತು. ಟೆಸ್ಟ್ ಬರೆಯದ ಅಕೌಂಟ್ಸ್‌ನವರಿಗೂ ಅದನ್ನು ಓದಿದರೆ ಅರ್ಥವಾಗುತ್ತಿತ್ತು. (ಉತ್ಸಾಹದಲ್ಲಿ ಆ ಮೆಸೇಜುಗಳನ್ನು ಕನ್ನಡದಲ್ಲೇ ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡಿತು. ಬಿಲ್ಡ್ ಸರ್ವರ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಸಂಜೆಯೊಳಗೆ ಇಂಗ್ಲಿಷಿಗೆ ಬದಲಾಯಿಸಿದೆ.)

ಇನ್ನು ಕಳೆದ ಅಂಕಗಳ ಕಥೆ.

ಅರ್ಧ ಅಂಕ ಹೆಸರುಗಳಿಗೆ. 'ಕಂಟೇನ್ಸ್' ಅಂದರೆ "ಇದು ಒಳಗಿದೆಯೇ" ಎಂದು ಯಾರಾದರೂ ಅಂದುಕೊಳ್ಳುತ್ತಾರೆ, ಜಾವಾದ ಲಿಸ್ಟಿನಲ್ಲಿ ಅದರ ಅರ್ಥ ಅದೇ ತಾನೆ. ಇಲ್ಲಿ ಹಾಗಲ್ಲ: ಪಟ್ಟಿಯಲ್ಲಿ ಇವೇ ಇರಬೇಕು, ಇದೇ ಸಾಲಿನಲ್ಲಿ ಇರಬೇಕು, ಒಂದೂ ಹೆಚ್ಚಿರಬಾರದು. ಒಳಗಿದೆಯೇ ಎಂದು ಕೇಳಲು 'ಹ್ಯಾಸ್‌ಐಟಮ್'. ಹೊಸಬರು ಯಾರೇ ಸೇರಲಿ, ಮೊದಲ ತಿಂಗಳು ಇಲ್ಲಿ ಎಡವುತ್ತಾರೆ. 'ಕಂಟೇನ್ಸ್‌ಇನ್‌ಎನಿಆರ್ಡರ್' (ಇವೇ ಇರಬೇಕು, ಯಾವ ಸಾಲಾದರೂ ಸರಿ) ಒಳಗೆ ಒಂದರ ಮೇಲೊಂದು ಹಾಯುವ ಮ್ಯಾಚರ್‌ಗಳನ್ನು ಕೊಟ್ಟರೆ ಇನ್ನೊಂದು ಪೇಚು. ಪಟ್ಟಿ 200, 50. ಕೊಟ್ಟಿದ್ದು "10ಕ್ಕಿಂತ ಹೆಚ್ಚು", "100ಕ್ಕಿಂತ ಹೆಚ್ಚು". ಮನುಷ್ಯರ ಲೆಕ್ಕದಲ್ಲಿ ಪಾಸ್. ಆದರೆ 200 ಬಂದು ಮೊದಲು ಸಿಕ್ಕ "10ಕ್ಕಿಂತ ಹೆಚ್ಚು" ಕುರ್ಚಿ ಹಿಡಿದು ಕೂರುತ್ತದೆ, ಪಾಪ 50ಕ್ಕೆ ಉಳಿಯುವುದು ನೂರರ ಕುರ್ಚಿ. ಫೇಲ್.

ಇನ್ನರ್ಧ ಅಂಕ 'ಎವ್ರಿಐಟಮ್'ಗೆ. ತಪ್ಪು ನಮ್ಮದೇ, ಆದರೂ ಹೊಟ್ಟೆಯುರಿ ಆರಿಲ್ಲ. "ಬಿಲ್ಲಿನ ಪ್ರತಿ ಸಾಲಿಗೂ ತೆರಿಗೆ ಸೊನ್ನೆಗಿಂತ ಹೆಚ್ಚಿರಬೇಕು" ಎಂಬ ಟೆಸ್ಟ್ ನಮ್ಮಲ್ಲಿತ್ತು. ಒಂದು ದಿನ ಯಾರೋ ಫಿಲ್ಟರ್ ಬದಲಾಯಿಸಿದರು, ಎಲ್ಲ ಸಾಲುಗಳೂ ಸೋಸಿ ಹೋಗಿ ಖಾಲಿ ಪಟ್ಟಿ ಬಂತು. ಖಾಲಿ ಪಟ್ಟಿಯ ಪ್ರತಿಯೊಂದು ಸಾಲೂ ಯಾವ ಷರತ್ತನ್ನಾದರೂ ಪಾಲಿಸುತ್ತದೆ! ತರ್ಕಶಾಸ್ತ್ರದ ಪ್ರಕಾರ ಸರಿ, ಟೆಸ್ಟ್ ಹಸಿರು, ನಾವು ರಿಲೀಸ್ ಮಾಡಿದೆವು. ಸೋಮವಾರ ಗ್ರಾಹಕರು ಸಾಲುಗಳೇ ಇಲ್ಲದ ಬಿಲ್ ನೋಡಿ ಫೋನ್ ಮಾಡಿದರು. ಈಗ 'ಎವ್ರಿಐಟಮ್' ಕಂಡಲ್ಲೆಲ್ಲ ಪಕ್ಕದಲ್ಲಿ 'ನಾಟ್(ಎಂಪ್ಟಿ)' ಇದೆಯೇ ಎಂದು ರಿವ್ಯೂನಲ್ಲಿ ನೋಡುತ್ತೇನೆ.

ಉಳಿದ ಅರ್ಧ ಜಾರ್‌ಗಳ (ಜಾವಾ ಕ್ಲಾಸುಗಳನ್ನು ಕಟ್ಟಿಟ್ಟ ಫೈಲುಗಳ) ಜಗಳಕ್ಕೆ. ಹಿಂದೆ ಬೇರೆ ಲೈಬ್ರರಿಗಳು ಹ್ಯಾಮ್‌ಕ್ರೆಸ್ಟಿನ ಹಳೆ ಕ್ಲಾಸುಗಳನ್ನು ತಮ್ಮ ಜಾರ್ ಒಳಗೇ ತುರುಕಿ ಕೊಡುತ್ತಿದ್ದವು. ನಮ್ಮ ಪ್ರಾಜೆಕ್ಟಿನಲ್ಲಿ ಹಾಗೊಂದು ಜಾರ್ ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸುಗಳನ್ನು ಹುಡುಕುವ ಸರದಿಯಲ್ಲಿ) ಹ್ಯಾಮ್‌ಕ್ರೆಸ್ಟ್ 1.3ಕ್ಕಿಂತ ಮುಂದೆ ಬಂದು ಕೂತಿತ್ತು. ಟೆಸ್ಟುಗಳೆಲ್ಲ ಪಾಸಾಗುತ್ತಿದ್ದವು. ಯಾವುದಾದರೂ ಒಂದು ಬಿದ್ದ ಗಳಿಗೆಯಲ್ಲಿ 'ಡಿಸ್ಕ್ರೈಬ್‌ಮಿಸ್‌ಮ್ಯಾಚ್' ಎಂಬ ಮೆಥಡ್ ಇಲ್ಲ ಎಂಬ ಎರರ್. ಆ ಮೆಥಡ್ ಕರೆಯುವುದೇ ಟೆಸ್ಟ್ ಬಿದ್ದಾಗ, ಏಕೆ ಬಿತ್ತು ಎಂದು ಹೇಳಲಿಕ್ಕೆ! ಬಿಲ್ಡ್ ಮಾಡುವ ಮೇವೆನ್‌ನ ಡಿಪೆಂಡೆನ್ಸಿ ಟ್ರೀ (ಯಾವ ಲೈಬ್ರರಿ ಯಾವುದನ್ನು ಎಳೆದು ತಂದಿದೆ ಎಂಬ ಪಟ್ಟಿ) ಮುಂದೆ ಕೂತು ಒಂದು ಶುಕ್ರವಾರ ಸಂಜೆ ಹಾಳಾಯಿತು. ಹ್ಯಾಮ್‌ಕ್ರೆಸ್ಟ್ 2.1ರಿಂದ ಎಲ್ಲವೂ ಒಂದೇ ಜಾರ್, 2024ರಲ್ಲಿ 3.0 ಬಂತು. ಈಗ ಈ ಕಾಟ ಇಲ್ಲವೆಂದೇ ಹೇಳಬೇಕು.

ಅಸರ್ಟ್‌ಜೆ ಎಂಬ ಇಂಥದ್ದೇ ಇನ್ನೊಂದು ಲೈಬ್ರರಿ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೊಸ ಕೋಡಿಗೆ ನಾನೂ ಅದನ್ನೇ ಬಳಸುತ್ತೇನೆ. ಚುಕ್ಕಿ ಒತ್ತಿದರೆ ಐಡಿಇ ಪಟ್ಟಿ ಕೊಡುತ್ತದೆ, ಯಾವ ಮ್ಯಾಚರ್ ಎಲ್ಲಿಂದ ಸ್ಟ್ಯಾಟಿಕ್ ಇಂಪೋರ್ಟ್ ಮಾಡಬೇಕು ಎಂದು ನೆನಪಿಡಬೇಕಿಲ್ಲ. ಹಾಗೆಂದು ಅದರಲ್ಲೂ ಗುಂಡಿಗಳಿಲ್ಲದೆ ಇಲ್ಲ: 'ಅಸರ್ಟ್‌ದಟ್' ಬರೆದು ಆವರಣ ಮುಚ್ಚಿ ಮುಂದೇನೂ ಬರೆಯದಿದ್ದರೆ ಟೆಸ್ಟ್ ಏನನ್ನೂ ಪರೀಕ್ಷಿಸದೆ ಹಸಿರಾಗುತ್ತದೆ. ಹ್ಯಾಮ್‌ಕ್ರೆಸ್ಟ್‌ನಲ್ಲಿ ಮ್ಯಾಚರ್ ಕೊಡದೆ ಬರೀ ಬೆಲೆ ಕೊಟ್ಟರೆ ಕಂಪೈಲೇ ಆಗುವುದಿಲ್ಲ. ಇನ್ನು ಜೆಯೂನಿಟ್ 5 ತನ್ನ 'ಅಸರ್ಟ್‌ದಟ್' ಇಟ್ಟುಕೊಳ್ಳಲೇ ಇಲ್ಲ, ಬೇಕಾದ ಲೈಬ್ರರಿ ನೀವೇ ತಂದುಕೊಳ್ಳಿ ಅಂದಿತು.

ಹಾಗಿದ್ದೂ ಹ್ಯಾಮ್‌ಕ್ರೆಸ್ಟನ್ನು ಮನೆಯಿಂದ ಆಚೆ ಹಾಕಲಾಗದು. ಸ್ಪ್ರಿಂಗ್ ಮಾಕ್‌ಎಂವಿಸಿಯ 'ಜೇಸನ್‌ಪಾತ್', ರೆಸ್ಟ್ ಅಶ್ಯೂರ್ಡ್‌ನ 'ಬಾಡಿ', ಆಂಡ್ರಾಯ್ಡ್‌ನ ಎಸ್ಪ್ರೆಸೊ, ಈ ಮೂರೂ ಟೆಸ್ಟ್ ಸಾಧನಗಳು ಮಾತಾಡುವುದು ಇದರ ಮ್ಯಾಚರ್‌ಗಳ ಭಾಷೆಯನ್ನೇ. ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನನ್ನು ಕರೆದು ಸ್ಕ್ರೀನ್ ತೋರಿಸಿದಳು. "ಸರ್, ಐದು ಕೇಳಿದೀನಿ, ಐದೇ ಬಂದಿದೆ, ಫೇಲ್ ಅಂತಿದೆ ನೋಡಿ." ನೋಡಿದೆ. ಬೇಕಿದ್ದು '5ಎಲ್', ಬಂದದ್ದು '5'. ಐಡಿ ಜಾವಾದಲ್ಲಿ ಲಾಂಗ್ (ದೊಡ್ಡ ಪೂರ್ಣಾಂಕದ ಬಗೆ), ಜೇಸನ್ ಎಂಬ ಪಠ್ಯರೂಪದಿಂದ ಓದಿಕೊಂಡು ಬಂದಾಗ ಇಂಟಿಜರ್ (ಚಿಕ್ಕ ಬಗೆ). ಹ್ಯಾಮ್‌ಕ್ರೆಸ್ಟ್ ಲಾಂಗ್ ಬೆಲೆಯ ಪಕ್ಕ ಒಂದು 'ಎಲ್' ಬರೆಯುತ್ತದೆ, ಅಷ್ಟು ಸಣ್ಣದಾಗಿ. ಬೆರಳಿಟ್ಟು ತೋರಿಸಿದೆ. "ಅಯ್ಯೋ" ಎಂದು ನಕ್ಕು ಆ 'ಎಲ್' ಅಳಿಸಿದಳು. ಹಸಿರಾಯಿತು.