ಮೀಪ್: ಪರ್ಸೆಲ್ ಲೆಕ್ಕಕ್ಕೆ ಸಾಕು, ಅದರಾಚೆಗೆ ಸಾಲದು
ರಂಧ್ರಗಳ ಜಾಲ ಕೊರೆದ ಅರೆವಾಹಕ ಪದರದಲ್ಲಿ, ಅಂದರೆ ಫೋಟಾನಿಕ್ ಸ್ಫಟಿಕದಲ್ಲಿ, ಕ್ವಾಂಟಮ್ ಡಾಟ್ ಎಂಬ ಅತಿಸಣ್ಣ ಅರೆವಾಹಕ ಕಣ ಎಷ್ಟು ಬೇಗ ಬೆಳಕು ಹೊಮ್ಮಿಸುತ್ತದೆ? ಎಂಐಟಿಯಲ್ಲಿ ಹುಟ್ಟಿದ, ಬೆಳಕಿನ ಅಲೆಗಳನ್ನು ಗಣಕದಲ್ಲಿ ಅನುಕರಿಸುವ ಮೀಪ್ ತಂತ್ರಾಂಶ ಈ ಲೆಕ್ಕವನ್ನು ಕಾಸಿಲ್ಲದೆ ಮಾಡಿಕೊಡುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಕಾಂಡಾ ಎಂಬ ಪ್ಯಾಕೇಜ್ ಸ್ಥಾಪಕದ ಮೂಲಕ ಸಲೀಸಾಗಿ ಕೂರುತ್ತದೆ. ವಿಂಡೋಸ್‌ನವರು ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸವಲತ್ತು) ಹಾಕಿಕೊಳ್ಳಬೇಕು.

ಡಾಟ್ ಬದಲು ದ್ವಿಧ್ರುವ ಮೂಲವೊಂದನ್ನು (ಕಂಪಿಸುತ್ತ ಅಲೆ ಹೊಮ್ಮಿಸುವ ಪುಟ್ಟ ವಿದ್ಯುತ್ ಮೂಲ) ಇಟ್ಟು ಎರಡು ಸಲ ಓಡಿಸಿ: ಒಮ್ಮೆ ಸ್ಫಟಿಕದಲ್ಲಿ, ಒಮ್ಮೆ ರಂಧ್ರವೂ ಎಲ್ಲೆಯೂ ಇಲ್ಲದ ಅದೇ ವಸ್ತುವಿನಲ್ಲಿ. ಹೊಮ್ಮಿದ ಶಕ್ತಿಗಳ ಅನುಪಾತವೇ ಪರ್ಸೆಲ್ ಅಂಶ, ಅಂದರೆ ಸ್ಫಟಿಕದಲ್ಲಿ ಡಾಟ್ ಎಷ್ಟು ಪಟ್ಟು ಬೇಗ ಬೆಳಕು ಹೊಮ್ಮಿಸುತ್ತದೆ ಎಂಬ ಸಂಖ್ಯೆ. ಎಡವುವುದು ಅಂಚಿನಲ್ಲಿ. ಅಂಚಿಗೆ ಬಂದ ಅಲೆಯನ್ನು ಪ್ರತಿಫಲಿಸದೆ ಹೀರಿಕೊಳ್ಳಲು ಇಡುವ ಪಿಎಂಎಲ್ ಪದರ ಆವರ್ತ ರಚನೆಯೊಳಗೆ ಹೊಕ್ಕರೆ ಪ್ರತಿಫಲಿಸದಿರುವ ಗುಣವನ್ನೇ ಕಳೆದುಕೊಳ್ಳುತ್ತದೆ. ಬೆಳಕು ಬಲು ನಿಧಾನವಾಗಿ ಸಾಗುವ ತರಂಗಮಾರ್ಗದಲ್ಲಂತೂ ಮರಳಿದ ಅಲೆ ಸುಳ್ಳು ಶಿಖರಗಳನ್ನು ಎಬ್ಬಿಸುತ್ತದೆ. ಅಲ್ಲಿ ಹೀರುವ ಬಲ ಮೆಲ್ಲಮೆಲ್ಲನೆ ಏರುವ, ದಪ್ಪನೆಯ ಅಬ್ಸಾರ್ಬರ್ (ಹೀರುಪದರ) ವಾಸಿ.

ರೆಸಲ್ಯೂಷನ್ (ಲೆಕ್ಕದ ಜಾಲರಿಯ ಸೂಕ್ಷ್ಮತೆ) ಇಮ್ಮಡಿಸಿದರೆ ಮೂರು ಆಯಾಮದಲ್ಲಿ ಮೆಮೊರಿ 8 ಪಟ್ಟು, ಸಮಯ 16 ಪಟ್ಟು. ಮೂರು ಕನ್ನಡಿ ಸಮ್ಮಿತಿಗಳಿದ್ದರೆ ಸುಮಾರು 8 ಪಟ್ಟು ಉಳಿತಾಯ. ಡಾಟ್ ನಡುವಿನಿಂದ ಸರಿದರೆ ಆ ಸೌಲಭ್ಯ ಕೈತಪ್ಪುತ್ತದೆ (ನಿಜವಾದ ಡಾಟ್‌ಗಳು ನಡುವೆ ಕೂರುವುದೇ ಅಪರೂಪ).

ಪ್ರಬಲ ಜೋಡಣೆಗೆ, ಅಂದರೆ ಫೋಟಾನ್ ಮತ್ತೆ ಡಾಟ್‌ಗೇ ಮರಳುವ ಸ್ಥಿತಿಗೆ, ಇದೊಂದೇ ಸಾಲದು. ಮೋಡ್‌ನ (ಸ್ಫಟಿಕದಲ್ಲಿ ಸೆರೆಯಾದ ಬೆಳಕಿನ ವಿನ್ಯಾಸ) ಕ್ಯೂ, ಅಂದರೆ ಬೆಳಕು ಎಷ್ಟು ಹೊತ್ತು ಸೋರದೆ ಉಳಿಯುತ್ತದೆ ಎಂಬ ಅಳತೆ, ಮತ್ತು ಗಾತ್ರವನ್ನು ಮೀಪ್‌ನಿಂದ ಪಡೆದು ಕ್ವಾಂಟಮ್ ಲೆಕ್ಕದ ತಂತ್ರಾಂಶವಾದ ಕ್ಯೂಟಿಪ್‌ಗೆ ಉಣಿಸಿ.