ಬೆಂಕಿಕಡ್ಡಿ, ಮಾರ್ಕರ್ ಘನ, ಎಆರ್: ಮೇಷ್ಟ್ರಾಗುವವರಿಗೆ ರೇಖಾಗಣಿತ ಕಲಿಸಲು ಯಾವುದು?

ಹಾಸನದಲ್ಲಿ ಡಿ.ಎಲ್.ಇಡಿ, ಅಂದರೆ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಲು ಮಾಡುವ ಡಿಪ್ಲೊಮಾ, ಓದುವವರಿಗೆ ಗಣಿತ ಬೋಧನೆ ಹೇಳಿಕೊಡುವುದು ನನ್ನ ಕೆಲಸ. ಘನಾಕೃತಿಗಳ ಪಾಠಕ್ಕೆ ಬಂದಾಗ ಹೆಚ್ಚಿನವರ ತೊಡಕು ಒಂದೇ. ಬೋರ್ಡಿನ ಮೇಲೆ ಬರೆದ ಘನವನ್ನೇ ನಿಜವಾದ ಘನ ಅಂದುಕೊಂಡಿರುತ್ತಾರೆ. ಪಕ್ಕದ ಮುಖದ ಮೂಲೆ ಎಷ್ಟು ಡಿಗ್ರಿ ಅಂತ ಕೇಳಿ ನೋಡಿ. "ಸ್ವಲ್ಪ ಓರೆ ಇದೆಯಲ್ಲ ಸರ್, 90 ಇರಲ್ಲ ಅನ್ಸುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ನಾಳೆ ಐದನೇ ಕ್ಲಾಸಿಗೆ ಪಾಠ ಮಾಡುವವರು ಇವರೇ ಅಲ್ವಾ?

ಇದನ್ನು ಬಿಡಿಸೋಕೆ ಮೂರು ದಾರಿ ಹಿಡಿದು ನೋಡಿದ್ದೇನೆ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ ಟ್ಯೂಬ್ (ಸೈಕಲ್ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಒಂದು. ಮೈಮೇಲೆ ಚಿತ್ತಾರವಿರುವ ಮಾರ್ಕರ್ ಘನ ಇನ್ನೊಂದು. ಮೂರನೆಯದು ಜಿಯೋಜಿಬ್ರಾ ತ್ರೀಡಿ ಅನ್ನುವ ಗಣಿತದ ಆ್ಯಪ್‌ನ ಎಆರ್, ಅಂದರೆ ಆಗ್ಮೆಂಟೆಡ್ ರಿಯಾಲಿಟಿ: ಫೋನಿನ ಕ್ಯಾಮೆರಾದಲ್ಲಿ ಕಾಣುವ ಜಾಗದಲ್ಲೇ ಆಕಾರವನ್ನೂ ಕೂರಿಸಿ ತೋರಿಸುವುದು.

ಮಾರ್ಕರ್ ಘನದ ಮಾತು ಬೇಗ ಮುಗಿಸಿಬಿಡುತ್ತೇನೆ. ಘನವನ್ನು ಅಂಗೈಯಲ್ಲಿ ಹಿಡಿದು ಫೋನಿನಲ್ಲಿ ನೋಡಿದರೆ ಅದರ ಜಾಗದಲ್ಲಿ ಪಿರಮಿಡ್ಡೋ ಶಂಕುವೋ ಕಾಣುತ್ತದೆ. ಮೊದಲ ದಿನ ಎಲ್ಲರೂ ಬೆರಗಾದರು. ಆದರೆ ಕೈಗೆ ಸಿಗುವುದು ಘನ, ಕಣ್ಣಿಗೆ ಕಾಣುವುದು ಶಂಕು! ಆಕಾರ ಕಲಿಸುವಾಗಲೇ ಹೀಗಾದರೆ ಹೇಗೆ? ಮೇಲೆ ಚಂದಾ ಬೇರೆ. ಬೀರುವಿಗೆ ಸೇರಿಸಿದ್ದೇನೆ.

ಉಳಿದ ಎರಡರದ್ದೇ ನಿಜವಾದ ಪೈಪೋಟಿ.

ಬೆಂಕಿಕಡ್ಡಿಯ ಮಾದರಿಯನ್ನು ದೇಶದ ಶಿಕ್ಷಕರಿಗೆ ಪರಿಚಯಿಸಿದವರು ಆಟಿಕೆಗಳಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ. ಘನಕ್ಕೆ 12 ಕಡ್ಡಿ, ವಾಲ್ ಟ್ಯೂಬಿನಲ್ಲಿ ಮಾಡಿದ ಮೂರು ಕಾಲಿನ 8 ಕೀಲು. ಮಾಡುವಾಗಲೇ ಅಂಚು, ಶೃಂಗಗಳ ಲೆಕ್ಕ ಬಾಯಿಗೆ ಬರುತ್ತದೆ. ಮಾಡಿ ಮುಗಿಸಿ ಮೇಜಿನ ಮೇಲಿಟ್ಟರೆ ಘನ ವಾಲುತ್ತದೆ. ಆರು ಕಡ್ಡಿಯ, ನಾಲ್ಕೂ ಮುಖ ತ್ರಿಕೋನವಾಗಿರುವ ಚತುರ್ಮುಖಿ ಮಾತ್ರ ಅಲ್ಲಾಡದೆ ನಿಲ್ಲುತ್ತದೆ. ಚೌಕ ವಾಲುತ್ತದೆ, ತ್ರಿಕೋನ ಜಗ್ಗಲ್ಲ ಅನ್ನುವುದನ್ನು ಬೆರಳೇ ಹೇಳಿಕೊಡುತ್ತದೆ. ಹೆಂಚಿನ ಮಾಡಿಗೆ ತ್ರಿಕೋನದ ಚೌಕಟ್ಟು ಯಾಕೆ ಅಂತ ಆಗ ಕೇಳಬೇಕು. ವಾಲುವ ಘನವನ್ನು ನೆಟ್ಟಗೆ ನಿಲ್ಲಿಸಲು ಒಬ್ಬಳು ಮುಖದ ಮೇಲೆ ಓರೆಯಾಗಿ ಕಡ್ಡಿ ಕೊಡಲು ಹೋದಳು. ಬೆಂಕಿಕಡ್ಡಿ ಸಾಲಲಿಲ್ಲ. ಪೊರಕೆ ಕಡ್ಡಿ ಮುರಿದು ಕೂರಿಸಿ, ಅಳೆದು ನೋಡಿದರೆ ಬೆಂಕಿಕಡ್ಡಿಯ 1.4 ಪಟ್ಟು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ರೂಟ್ ಎರಡು ಅದೇ! ಎಆರ್‌ನ ಘನ ಯಾವತ್ತೂ ವಾಲಲ್ಲ. ಅದರಿಂದ ಈ ಪಾಠ ಬರಲ್ಲ.

ಜಾಲಾಕೃತಿಗೂ, ಅಂದರೆ ಘನಾಕೃತಿಯನ್ನು ಬಿಚ್ಚಿ ಚಪ್ಪಟೆಯಾಗಿ ಹರಡಿದಾಗ ಬರುವ ಆಕಾರಕ್ಕೂ, ನನ್ನ ಓಟು ರಟ್ಟು, ಕತ್ತರಿಗೇ. ಆ್ಯಪ್‌ನಲ್ಲಿ ಸುಮ್ನೆ ಸ್ಲೈಡರ್ ಎಳೆದರೆ ಘನ ಒಂದೇ ರೀತಿ ಬಿಚ್ಚಿಕೊಳ್ಳುತ್ತದೆ. ಘನಕ್ಕೆ 11 ಬಗೆಯ ಜಾಲಾಕೃತಿಗಳಿವೆ. ಅವನ್ನು ಹುಡುಕಿಸೋಕೆ ಹಳೇ ಮದುವೆ ಕಾಗದಗಳೇ ಸಾಕು.

ಹಾಗಾದರೆ ಎಆರ್ ಯಾಕೆ? ಕೈಯಲ್ಲಿ ಮಾಡಲಾಗದ್ದಕ್ಕೆ. ಘನವನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣಕ್ಕೆ ಲಂಬವಾಗಿ, ನಟ್ಟನಡುವೆ ಕೊಯ್ದರೆ ಬರುವುದು ನಿಯಮಿತ ಷಡ್ಭುಜ. ಬಟ್ಟೆ ಸೋಪಿನಲ್ಲಿ ಮಾಡಿ ನೋಡಿದ್ದೇವೆ. ಚಾಕು ಜಾರಿ ಷಡ್ಭುಜ ಸೊಟ್ಟಗಾಗುತ್ತದೆ. ಫೋನಿನಲ್ಲಿ ಘನವನ್ನು ಆಳೆತ್ತರಕ್ಕೆ ಹಿಗ್ಗಿಸಿ ನೆಲದ ಮೇಲೆ ನಿಲ್ಲಿಸಿದರೆ ಸುತ್ತಲೂ ನಡೆದು, ಒಳಗೇ ನುಗ್ಗಿ ನೋಡಬಹುದು. ಆ ಓರೆ ಮೂಲೆಯ ಮುಂದೆ ನೇರ ನಿಂತರೆ ಅದು 90 ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಬೇಲೂರಿನ ಕಂಬ. ಚೆನ್ನಕೇಶವ ದೇಗುಲದ ಒಳಗೆ ಬಳಪದ ಕಲ್ಲಿನಲ್ಲಿ ತಿರುಗಿಸಿ ಕಡೆದ ಕಂಬಗಳಿವೆಯಲ್ಲ, ಅವುಗಳ ಅರ್ಧ ಅಂಚನ್ನಷ್ಟೇ ಬರೆದು ಅಕ್ಷದ ಸುತ್ತ ತಿರುಗಿಸಿದರೆ ಕ್ಲಾಸಿನಲ್ಲೇ ಕಂಬ ಎದ್ದು ನಿಲ್ಲುತ್ತದೆ. ಆಯತ ತಿರುಗಿದರೆ ಸಿಲಿಂಡರ್, ಲಂಬಕೋನ ತ್ರಿಕೋನ ಒಂದು ಲಂಬ ಬಾಹುವಿನ ಸುತ್ತ ತಿರುಗಿದರೆ ಶಂಕು ಅನ್ನುವುದು ಆಮೇಲೆ ತಾನಾಗೇ ಬರುತ್ತದೆ.

ತಾಪತ್ರಯಗಳೂ ಇವೆ. ಆ್ಯಪ್ ಉಚಿತ, ಆದರೆ ಆಂಡ್ರಾಯ್ಡ್‌ನಲ್ಲಿ ಎಆರ್‌ಕೋರ್ (ಎಆರ್ ನಡೆಸುವ ಗೂಗಲ್‌ನ ತಂತ್ರಾಂಶ) ಬೆಂಬಲ ಇರುವ ಫೋನೇ ಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಅದಿಲ್ಲ. ನಮ್ಮ ಕೋಣೆಯದು ನುಣುಪಾದ ರೆಡ್ ಆಕ್ಸೈಡ್ ನೆಲ. ಗುರುತು ಹಿಡಿಯಲು ಏನೂ ಇಲ್ಲದ ಕಾರಣ ಕ್ಯಾಮೆರಾಗೆ ನೆಲವೇ ಸಿಗುತ್ತಿರಲಿಲ್ಲ. ಪಟ್ಟೆ ಪಟ್ಟೆ ಜಮಖಾನ ಹಾಸಿದ ಮೇಲೆ ತಕ್ಷಣ ಸಿಕ್ಕಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಕೋಣೆ ಕತ್ತಲಾದರೆ ಮಾತ್ರ ಜಮಖಾನವೂ ಕೆಲಸಕ್ಕೆ ಬರಲ್ಲ.

ಒಂದೇ ಇಟ್ಟುಕೊಳ್ಳಿ ಅಂದರೆ ನಾನು ವಾಲ್ ಟ್ಯೂಬನ್ನೇ ಇಟ್ಟುಕೊಳ್ಳುತ್ತೇನೆ. ಬೋಧನಾಭ್ಯಾಸಕ್ಕೆ ಹೋಗುವವರಿಗೂ ಅದನ್ನೇ ಕಟ್ಟಿಕೊಡುವುದು. ಒಂದರಿಂದ ಮೂರನೇ ಕ್ಲಾಸಿಗೆ ಫೋನು ಬೇಡ ಅಂದಿದ್ದೇನೆ. ಐದನೇ ಕ್ಲಾಸಿನಲ್ಲಿ ಗುಂಪಿಗೊಂದು ಫೋನು ಕೊಡಬಹುದು, ಆದರೆ ಕೊಯ್ದರೆ ಯಾವ ಆಕಾರ ಬರುತ್ತೆ ಅಂತ ಮಕ್ಕಳು ಸ್ಲೇಟಿನಲ್ಲಿ ಬರೆದ ಮೇಲೆ. ತ್ರಿಕೋನ, ಚೌಕ, ಆಯತ ಬರುತ್ತವೆ. ಷಡ್ಭುಜ ಬರೆದ ಮಗುವನ್ನು ನಾನಿನ್ನೂ ನೋಡಿಲ್ಲ.